ವಿಮಾನದಿಂದಿಳಿದು ಗುಂಡ್ಲುಪೇಟೆಗೆ

ಗುಂಡ್ಲುಪೇಟೆಯ ಸುತ್ತಮುತ್ತ ವಿಮಾನ ನಿಲ್ದಾಣಗಳಿಗೇನೂ ಕೊರತೆಯಿಲ್ಲ. ಉತ್ತರಕ್ಕೆ ಮೈಸೂರಿನ ಮಂಡಕಳ್ಳಿ ಇದೆ. ಅದರಾಚೆ ಬೆಂಗಳೂರಿನ ದೇವನಹಳ್ಳಿ. ವಯನಾಡಿನ ಘಟ್ಟವನ್ನಿಳಿದರೆ ಕೋಳಿಕ್ಕೋಡು. ಚಾಮರಾಜನಗರದ ಮೇಲೆ ಹಾಯ್ದು ದಿಂಬದ ಘಟ್ಟವನ್ನಿಳಿದರೆ ಕೊಯಮತ್ತೂರು. ಭೂಪಟವನ್ನು ಮುಂದಿಟ್ಟುಕೊಂಡು ನೋಡಿದವರಿಗೆ ಈ ಊರಿನವರು ಬಹಳ ಪುಣ್ಯವಂತರೆಂದು ತೋರಬಹುದು. ಆದರೆ ಗುಂಡ್ಲುಪೇಟೆಗೆ ರೈಲಿಲ್ಲ. ಹೆದ್ದಾರಿಗಳು ಬಂದು ಕೂಡುವ ಈ ಪೇಟೆಯಲ್ಲಿ ಹಗಲಿರುಳೂ ವಾಹನಗಳ ಸದ್ದು ಕೇಳಬಹುದೇ ಹೊರತು ಎಂಜಿನಿನ ಸಿಳ್ಳು ಕೇಳುವಂತಿಲ್ಲ.

ಕೋಳಿಕ್ಕೋಡಿನ ರಸ್ತೆ ಬಂಡೀಪುರದ ಕಾಡಿನೊಳಗೆ ಹಾಯುವುದರಿಂದ, 2009ರಿಂದೀಚೆಗೆ ರಾತ್ರಿ 9 ಗಂಟೆಯಿಂದ ಬೆಳಗಿನ 6 ಗಂಟೆಯವರೆಗೆ ಅಲ್ಲಿ, ಬೆರಳೆಣಿಕೆಯ ಬಸ್ಸುಗಳ ಹೊರತು, ವಾಹನ ಸಂಚಾರಕ್ಕೆ ನಿಷೇಧವುಂಟು. ದಿಂಬದ ಘಟ್ಟದಲ್ಲಿ 27 ಕಡಿದಾದ ತಿರುವುಗಳು. ರಾತ್ರಿಯ ನಿರ್ಬಂಧ ಅಲ್ಲಿಯೂ ಇದೆ. ಹೊರದೇಶದ ವಿಮಾನಗಳೋ ಬಹುಮಟ್ಟಿಗೆ ಅಪರಾತ್ರಿಯಲ್ಲಿಯೇ ಬಂದಿಳಿಯುತ್ತವೆ. ಆನೆಗಳ ನಿದ್ರೆಗೂ ವಿಮಾನಗಳ ವೇಳೆಗೂ ಹೊಂದಿಕೆಯಾಗದ ಕಾರಣ ಈ ಎರಡು ದಾರಿಗಳನ್ನು ಬಿಡಬೇಕು.

ಉಳಿದದ್ದು ಮಂಡಕಳ್ಳಿ. ಅರಸರ ಕಾಲದಲ್ಲಿಯೇ ಸಿದ್ಧವಾದ ಈ ನಿಲ್ದಾಣವು 2010ರ ಮೇ ತಿಂಗಳಲ್ಲಿ ಹೊಸ ರೂಪದಲ್ಲಿ ತೆರೆಯಿತು. ಆದರೆ ಇದರ ಓಡುದಾರಿಯ ಉದ್ದ 1,740 ಮೀಟರು ಮಾತ್ರ; ಸಣ್ಣ ವಿಮಾನಗಳು ಇಳಿಯಬಲ್ಲವು, ಸಮುದ್ರ ದಾಟುವ ದೊಡ್ಡ ವಿಮಾನಗಳಿಗೆ ಇದು ಸಾಲದು. ಇಲ್ಲಿನ ಇನ್ನೊಂದು ವಿಚಿತ್ರವನ್ನು ಹೇಳದಿರಲಾರೆ. ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವ ರೈಲು ಈ ವಿಮಾನ ನಿಲ್ದಾಣದ ಸಮೀಪದಲ್ಲಿಯೇ ಹಾಯುತ್ತದೆ. ಹಾಯುತ್ತದೆ, ಆದರೆ ನಿಲ್ಲುವುದಿಲ್ಲ. ನಿಲ್ಲಲು ಅಲ್ಲಿ ಸ್ಟೇಷನ್ನೇ ಇಲ್ಲ. ಅಶೋಕಪುರಂ ಬಿಟ್ಟರೆ ಮುಂದೆ ಕಡಕೊಳ. ಆಕಾಶದಿಂದ ಬಂದವನೂ ಹಳಿಯ ಮೇಲೆ ಬಂದವನೂ ನೆರೆಮನೆಯವರಂತೆ ಇದ್ದು, ಒಬ್ಬರ ಮುಖವನ್ನೊಬ್ಬರು ನೋಡದೆ ಹೋಗುತ್ತಾರೆ. ಇಂಗ್ಲೆಂಡಿನ ಗ್ಯಾಟ್‌ವಿಕ್‌ನಲ್ಲಿ 1958ರಲ್ಲಿಯೇ ವಿಮಾನ ನಿಲ್ದಾಣಕ್ಕೆ ರೈಲು ನಿಲ್ದಾಣವನ್ನು ಅಂಟಿಸಿಯೇ ಕಟ್ಟಿದರು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ; ಮದರಾಸಿನಲ್ಲಿ ವಿಮಾನದಿಂದಿಳಿದವನು ರಸ್ತೆ ದಾಟಿದರೆ ತಿರುಶೂಲಂ ಸ್ಟೇಷನ್ನು; ಅಲ್ಲಿಂದ ಲೋಕಲ್ ಗಾಡಿ ಹಿಡಿದು ಎಗ್ಮೋರಿಗೆ ಹೋಗಬಹುದು.

ಆದ್ದರಿಂದ ಕಡಲಾಚೆಯಿಂದ ಬರುವ ಗುಂಡ್ಲುಪೇಟೆಯವರು ದೇವನಹಳ್ಳಿಯಲ್ಲಿಯೇ ಇಳಿಯಬೇಕು. ಕಳೆದ ಆಷಾಢದಲ್ಲಿ ನನ್ನ ಚಿಕ್ಕಪ್ಪ ಚಿಕ್ಕಮ್ಮ ಹಾಗೆ ಇಳಿದರು. ಮಗಳ ಮನೆಯಲ್ಲಿ ಆರು ತಿಂಗಳಿದ್ದು ಹಿಂದಿರುಗಿದ್ದರು. ಚಿಕ್ಕಪ್ಪನಿಗೆ ಎಪ್ಪತ್ತೆರಡು ವರ್ಷ. ಎರಡು ವರ್ಷದ ಹಿಂದೆ ಹೃದಯದ ಶಸ್ತ್ರಚಿಕಿತ್ಸೆಯಾಗಿದೆ. ಭಾರ ಎತ್ತಕೂಡದೆಂದು ವೈದ್ಯರ ಕಟ್ಟಪ್ಪಣೆ. ಹೀಗಿರುವಾಗ ಕಾರು ಮಾಡಿಕೊಂಡು ನೆಟ್ಟಗೆ ಮನೆ ಬಾಗಿಲಿಗೆ ಹೋಗುವುದು ಬಿಟ್ಟು ರೈಲಿನ ಮಾತೇಕೆಂದು ವಾಚಕರು ಕೇಳಬಹುದು. ಕಾರಿನಲ್ಲಿ ಹತ್ತು ಮೈಲಿ ಹೋಗುವಷ್ಟರಲ್ಲಿ ಚಿಕ್ಕಮ್ಮನಿಗೆ ಹೊಟ್ಟೆ ತೊಳೆಸಲು ಪ್ರಾರಂಭವಾಗುತ್ತದೆ. ವಿಮಾನದ ಹದಿನೆಂಟು ಗಂಟೆಯ ಮೇಲೆ ಕಾರಿನ ಆರು ಗಂಟೆಯನ್ನು ಆಕೆ ತಡೆಯಲಾರಳು. "ಸತ್ತರೂ ರೈಲಲ್ಲೇ ಸಾಯ್ತೀನಿ, ಕಾರಿನ ಹೆಸರು ಮಾತ್ರ ಎತ್ತಬೇಡ" ಎಂದು ಫೋನಿನಲ್ಲಿಯೇ ತೀರ್ಮಾನ ಕೊಟ್ಟಿದ್ದಳು. ಗಂಡನ ಹೃದಯ ಒಂದು ಕಡೆ, ಹೆಂಡತಿಯ ಹೊಟ್ಟೆ ಒಂದು ಕಡೆ. ನಡುವೆ ನಾಲ್ಕು ಪೆಟ್ಟಿಗೆಗಳು. ಅವರನ್ನು ಕರೆತರುವ ಹೊಣೆ ನನ್ನದಾಯಿತು.

ದೂರವನ್ನು ನಾವು ಕಿಲೋಮೀಟರಿನಲ್ಲಿ ಅಳೆಯುತ್ತೇವೆ. ಬೆಂಗಳೂರಿನಿಂದ ಮೈಸೂರಿಗೆ ರೈಲುದಾರಿ 138 ಕಿಲೋಮೀಟರು, ಮೈಸೂರಿನಿಂದ ಚಾಮರಾಜನಗರಕ್ಕೆ 61. ಕೈಬೀಸಿಕೊಂಡು ಹೋಗುವವನಿಗೆ ಈ ಲೆಕ್ಕ ಸರಿ. ಪೆಟ್ಟಿಗೆಯಿದ್ದವನಿಗೆ ಲೆಕ್ಕವೇ ಬೇರೆ. ಅದನ್ನು ಎಷ್ಟು ಸಾರಿ ನೆಲದಿಂದ ಎತ್ತಬೇಕು, ಎಷ್ಟು ಸಾರಿ ಇಳಿಸಬೇಕು ಎಂಬುದೇ ಅವನ ದೂರ. ನಾನು ಹಿಂದಿನ ರಾತ್ರಿ ಕಾಗದದ ಮೇಲೆ ಇದನ್ನು ಬರೆದು ನೋಡಿದೆ. ವಿಮಾನ ನಿಲ್ದಾಣದಲ್ಲಿ ಸುತ್ತುವ ಪಟ್ಟಿಯಿಂದ ಕೈಗಾಡಿಗೆ ಒಂದು, ಕೈಗಾಡಿಯಿಂದ ಬಸ್ಸಿಗೆ ಎರಡು, ಬಸ್ಸಿನಿಂದ ಹಾಲ್ಟಿಗೆ ಮೂರು, ಅಲ್ಲಿ ರೈಲಿಗೆ ಏರಿಸಿ ಬೆಂಗಳೂರಿನಲ್ಲಿ ಇಳಿಸಿದರೆ ಐದು, ಮೈಸೂರಿನ ಗಾಡಿಗೆ ಏರಿಸಿ ಇಳಿಸಿದರೆ ಏಳು, ಚಾಮರಾಜನಗರದ ಗಾಡಿಗೆ ಒಂಬತ್ತು, ಆಟೋಕ್ಕೆ ಹನ್ನೊಂದು, ಬಸ್ಸಿಗೆ ಹದಿಮೂರು, ಗುಂಡ್ಲುಪೇಟೆಯಲ್ಲಿ ಮತ್ತೆ ಆಟೋ, ಹದಿನೈದು. ಒಂದು ಪೆಟ್ಟಿಗೆಗೆ ಹದಿನೈದಾದರೆ ನಾಲ್ಕಕ್ಕೆ ಅರವತ್ತು. ಮೆಟ್ಟಿಲುಗಳು ಈ ಲೆಕ್ಕಕ್ಕೆ ಸೇರಿಲ್ಲ. ಕಾರಿನಲ್ಲಾದರೆ ಪೆಟ್ಟಿಗೆಯೊಂದಕ್ಕೆ ಮೂರು ಸಾರಿ ಕೈಹಾಕಿದರೆ ಮುಗಿಯಿತು. ಸಾವಿರಗಟ್ಟಲೆ ಬಾಡಿಗೆ ತೆರುವುದು ಆ ವ್ಯತ್ಯಾಸಕ್ಕಾಗಿಯೇ.

ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆದದ್ದು 2008ರ ಮೇ ತಿಂಗಳಲ್ಲಿ. ಅದರ ಬದಿಯಲ್ಲಿ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲುದಾರಿ ಇತ್ತು. ನೂರು ವರ್ಷಕ್ಕೆ ಹಿಂದೆ ಎರಡೂವರೆ ಅಡಿ ಅಗಲದ ಪುಟ್ಟ ಗಾಡಿ ಓಡುತ್ತಿದ್ದ ದಾರಿಯದು. ಆದರೂ ವಿಮಾನದ ಪ್ರಯಾಣಿಕರಿಗಾಗಿ ಅಲ್ಲಿ ಗಾಡಿ ನಿಲ್ಲಲು ಪ್ರಾರಂಭವಾದದ್ದು 2021ರ ಜನವರಿಯಲ್ಲಿ. ಸ್ಟೇಷನ್ನಿನ ಹೆಸರು ದೊಡ್ಡದು, ಆಕಾರ ಚಿಕ್ಕದು. ಹಾಲ್ಟ್ ಎಂದರೆ ಹಾಲ್ಟೇ. ವಿಮಾನದ ಕಟ್ಟಡದಿಂದ ಕೆಲವು ಕಿಲೋಮೀಟರು ದೂರವಿದ್ದುದರಿಂದ ನಡುವೆ ಬಸ್ಸಿನ ಏರ್ಪಾಡನ್ನೂ ಮಾಡಿದರು. ದಿನಕ್ಕೆ ಓಡುವ ಗಾಡಿಗಳು ಕೆಲವೇ. ವೇಳೆ ನೋಡಿಕೊಂಡು ಹೋದವರಿಗೆ ಚಹದ ಬೆಲೆಗೆ ಪ್ರಯಾಣ, ನೋಡಿಕೊಳ್ಳದವರಿಗೆ ಬರಿಯ ಹಳಿಯ ದರ್ಶನ. ನಗರಕ್ಕೆ ಹೋಗುವ ವಾಯುವಜ್ರ ಬಸ್ಸುಗಳೂ ಮೈಸೂರಿಗೇ ನೇರವಾಗಿ ಹೋಗುವ ಫ್ಲೈಬಸ್ಸೂ ಇವೆಯೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಚಿಕ್ಕಮ್ಮನ ಹೊಟ್ಟೆಗೆ ಬಸ್ಸೂ ಕಾರಿನ ಅಣ್ಣನೇ ಆದುದರಿಂದ ನಮಗೆ ಅವು ಪ್ರಯೋಜನಕ್ಕೆ ಬರಲಿಲ್ಲ.

ಅವರು ಹೊರಗೆ ಬಂದಾಗ ಇನ್ನೂ ಬೆಳಕು ಹರಿದಿರಲಿಲ್ಲ. ನಾಲ್ಕು ಪೆಟ್ಟಿಗೆಗಳೂ ತಲಾ 23 ಕಿಲೋ. ವಿಮಾನದವರ ತಕ್ಕಡಿಗೆ ಸರಿಯಾಗಿ ಮಗಳು ತೂಗಿಯೇ ತುಂಬಿದ್ದಳು. ಸಾಲದುದಕ್ಕೆ ಚಿಕ್ಕಮ್ಮನ ಕೈಯಲ್ಲಿ ಹಳೆಯ ಸೀರೆಯಲ್ಲಿ ಕಟ್ಟಿದ ಒಂದು ಗಂಟು. ನಾನು ಎತ್ತಿ ನೋಡಿದೆ. ಒಳಗೆ ಏನೋ ಗಲಗಲ ಎಂದಿತು. "ಅದನ್ನ ಮುಟ್ಟಬೇಡ, ನಾನೇ ಹಿಡ್ಕೋತೀನಿ" ಎಂದಳು.

ಇಪ್ಪತ್ತಮೂರು ಕಿಲೋ ಎಂಬುದು ವಿಮಾನದ ಗಣಿತ. ರೈಲಿಗೂ ತನ್ನದೇ ಗಣಿತವಿದೆ. ಎರಡನೆಯ ದರ್ಜೆಯ ಪ್ರಯಾಣಿಕನು ತನ್ನೊಡನೆ 35 ಕಿಲೋ, ಸ್ಲೀಪರಿನವನು 40, ಹವಾನಿಯಂತ್ರಿತ ಎರಡು ಅಂತಸ್ತಿನವನು 50, ಮೊದಲನೆಯ ದರ್ಜೆಯವನು 70 ಕಿಲೋ ಸಾಮಾನನ್ನು ಬಾಡಿಗೆಯಿಲ್ಲದೆ ಒಯ್ಯಬಹುದು. ತಲೆಗೆ 46 ಕಿಲೋ ತಂದವರು ಎರಡನೆಯ ದರ್ಜೆಯಲ್ಲಿ ಕುಳಿತರೆ ಕಾನೂನಿನ ಪ್ರಕಾರ ಹೆಚ್ಚಿನದಕ್ಕೆ ಹಣ ಕಟ್ಟಬೇಕು. ಇಲ್ಲವೆ ಪಾರ್ಸೆಲ್ ಆಫೀಸಿನಲ್ಲಿ ಬರೆಸಿ ಬ್ರೇಕ್‌ವ್ಯಾನಿಗೆ ಹಾಕಿಸಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, ಮುಂದೆ ರೈಲು ಹತ್ತಬೇಕಾದವರು ವಿಮಾನದ ತಕ್ಕಡಿಯನ್ನು ನಂಬಬಾರದು. ಮನೆಯಲ್ಲಿ ಯಾರು ಎಲ್ಲರಿಗಿಂತ ಬಲಹೀನರೋ ಅವರು ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ಮೂರು ಮೆಟ್ಟಿಲು ಏರಿಸಬಲ್ಲಷ್ಟೇ ಭಾರವನ್ನು ಒಂದು ಪೆಟ್ಟಿಗೆಯಲ್ಲಿ ತುಂಬತಕ್ಕದ್ದು. ನಾಲ್ಕು ದೊಡ್ಡವಕ್ಕಿಂತ ಆರು ಚಿಕ್ಕವು ಮೇಲು.

ಗಾಲಿಗಳಿವೆಯಲ್ಲಾ ಎನ್ನುವಿರೇನೋ. ಪೆಟ್ಟಿಗೆಗೆ ಗಾಲಿ ಹಚ್ಚುವ ಯುಕ್ತಿಗೆ ಬರ್ನಾರ್ಡ್ ಸ್ಯಾಡೋ ಎಂಬ ಅಮೆರಿಕದವನು 1972ರಲ್ಲಿ ಪೇಟೆಂಟು ಪಡೆದ. ಅವನಿಗೆ ದೇವರು ಒಳ್ಳೆಯದು ಮಾಡಲಿ. ಆದರೆ ಗಾಲಿ ಎಂಬುದು ಕನ್ನಡಿಯಂತಹ ನೆಲದ ಮೇಲೆ ಸ್ನೇಹಿತ. ಜಲ್ಲಿಯ ಮೇಲೆ, ಮೆಟ್ಟಿಲಿನ ಮುಂದೆ, ಗಾಡಿಯ ಬಾಗಿಲಿನಲ್ಲಿ ಅದು ಇನ್ನರ್ಧ ಕಿಲೋ ಹೆಚ್ಚಿನ ಭಾರ, ಅಷ್ಟೆ.

ಹಾಲ್ಟಿನಲ್ಲಿ ಹತ್ತುವುದು ಕಷ್ಟವಾಗಲಿಲ್ಲ. ಬೆಳಗಿನ ಗಾಡಿ, ಕೆಲಸಕ್ಕೆ ಹೋಗುವ ಹುಡುಗರು ಪೆಟ್ಟಿಗೆಗಳನ್ನು ಒಳಗೆಳೆದುಕೊಂಡರು. ಯಲಹಂಕ ದಾಟಿದ ಮೇಲೆ ಜನ ತುಂಬಿತು. ಸಂಗೊಳ್ಳಿ ರಾಯಣ್ಣನ ಹೆಸರು ಹೊತ್ತ ಬೆಂಗಳೂರಿನ ದೊಡ್ಡ ನಿಲ್ದಾಣದಲ್ಲಿ ಇಳಿದಾಗ ಕೂಲಿಯನ್ನು ಕರೆದೆ. 2016ರ ರೈಲ್ವೆ ಮುಂಗಡಪತ್ರದಲ್ಲಿ ಇವರನ್ನು 'ಸಹಾಯಕ'ರೆಂದು ಕರೆಯತಕ್ಕದ್ದೆಂದು ಸಾರಲಾಯಿತು. ಹೆಸರು ಬದಲಾದರೂ ಕೆಂಪು ಅಂಗಿಯೂ ತೋಳಿನ ಹಿತ್ತಾಳೆಯ ಬಿಲ್ಲೆಯೂ ಉಳಿದಿವೆ. ಗಾಲಿಯ ಪೆಟ್ಟಿಗೆಗಳು ಬಂದ ಮೇಲೆ ಸಂಪಾದನೆ ಮಾತ್ರ ಉಳಿದಿಲ್ಲವೆಂದು ನಮ್ಮ ಸಹಾಯಕನು ಸೇತುವೆಯ ಮೇಲೆ ಹೇಳಿಕೊಂಡ. ಎರಡನ್ನು ತಲೆಯ ಮೇಲೆ, ಒಂದನ್ನು ತೋಳಿಗೆ ಹಾಕಿಕೊಂಡು ಅವನು ಹೋದ ವೇಗಕ್ಕೆ ನಾವು ಓಡಬೇಕಾಯಿತು. ಬಾಡಿಗೆಯನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು. ಚಿಕ್ಕಪ್ಪನಿಗೆ ಇದು ಹಿಡಿಸಲಿಲ್ಲ. "ನನ್ನ ಪೆಟ್ಟಿಗೆ ನಾನು ಹೊರೋ ಶಕ್ತಿ ಇಲ್ವೇನು ನನಗೆ?" ಎಂದು ಎರಡು ಸಾರಿ ಗೊಣಗಿದರು. ನಲವತ್ತು ವರ್ಷ ಮೇಷ್ಟರಾಗಿದ್ದವರು. ಕೊಡೆಯನ್ನೂ ಇನ್ನೊಬ್ಬರ ಕೈಗೆ ಕೊಟ್ಟವರಲ್ಲ.

ಮುಂದಿನ ಗಾಡಿಗೆ ಹೊತ್ತಿದ್ದುದರಿಂದ ಪೆಟ್ಟಿಗೆಗಳನ್ನು ಕ್ಲೋಕ್ ರೂಮಿನಲ್ಲಿಟ್ಟು ತಿಂಡಿಗೆ ಹೋದೆವು. ಅಲ್ಲಿನ ನಿಯಮದಂತೆ ಬೀಗ ಹಾಕಿದ ಸಾಮಾನನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಸೀರೆಯ ಗಂಟಿಗೆ ಬೀಗವೆಲ್ಲಿಂದ ಬರಬೇಕು? ಅದು ಚಿಕ್ಕಮ್ಮನ ಮಡಿಲಿನಲ್ಲಿ ಗಲಗಲ ಎನ್ನುತ್ತ ಇಡ್ಲಿಯ ಮುಂದೆ ಕುಳಿತಿತ್ತು.

ತಿರುಪತಿಯಿಂದ ಹೊರಟು ಬೆಂಗಳೂರು, ಮೈಸೂರುಗಳ ಮೇಲೆ ಚಾಮರಾಜನಗರದವರೆಗೂ ನೇರವಾಗಿ ಹೋಗುವ ಎಕ್ಸ್‌ಪ್ರೆಸ್ ಗಾಡಿ ಒಂದುಂಟು. ವೇಳೆ ಕೂಡಿ ಬಂದವರು ಅದನ್ನು ಬಿಡಬಾರದು. ಮೈಸೂರಿನ ಏರಿಳಿತ ತಪ್ಪುತ್ತದೆ. ನಮಗೆ ಕೂಡಿ ಬರಲಿಲ್ಲ. ಮೈಸೂರಿನವರೆಗಿನ ಗಾಡಿ ಹಿಡಿದೆವು. ರಾಮನಗರದ ಬಂಡೆಗಳು, ಮಂಡ್ಯದ ಕಬ್ಬು, ಶ್ರೀರಂಗಪಟ್ಟಣದ ಕಾವೇರಿ: ಇವನ್ನು ವರ್ಣಿಸಿದವರು ಬಹಳ ಮಂದಿ ಇದ್ದಾರೆ, ನಾನು ಬಿಡುತ್ತೇನೆ. 1882ರಿಂದ ರೈಲು ಓಡುತ್ತಿರುವ ದಾರಿ. ಚಿಕ್ಕಮ್ಮ ಕಿಟಕಿಗೆ ತಲೆಯಾನಿಸಿ ಸುಖವಾಗಿ ನಿದ್ರೆ ಮಾಡಿದಳು.

ಮೈಸೂರಿನಲ್ಲಿ ಎದೆ ಝಲ್ಲೆನ್ನಿಸಿದ ಸಂಗತಿ ನಡೆಯಿತು. ಚಾಮರಾಜನಗರದ ಗಾಡಿ ಬೇರೆ ಪ್ಲಾಟ್‌ಫಾರಂನಲ್ಲಿತ್ತು. ಕೂಲಿ ದೊರೆಯಲು ತಡವಾಯಿತು. ಚಿಕ್ಕಪ್ಪನನ್ನು ಬೆಂಚಿನ ಮೇಲೆ ಕುಳ್ಳಿರಿಸಿ, "ಇಲ್ಲಿಂದ ಏಳಬೇಡಿ" ಎಂದು ಎರಡು ಸಾರಿ ಹೇಳಿ, ನಾನು ಒಂದು ಪೆಟ್ಟಿಗೆಯನ್ನೆತ್ತಿಕೊಂಡು ಮೆಟ್ಟಿಲೇರಿದೆ. ಮೇಲೆ ಹೋಗಿ ಹಿಂದಿರುಗಿ ನೋಡುತ್ತೇನೆ, ಚಿಕ್ಕಪ್ಪ ಇನ್ನೊಂದು ಪೆಟ್ಟಿಗೆಯನ್ನು ಹಿಡಿದುಕೊಂಡು ಹತ್ತನೆಯ ಮೆಟ್ಟಿಲಿನವರೆಗೆ ಬಂದಿದ್ದಾರೆ! ಮುಖ ಬಿಳಿಚಿತ್ತು. ಹಣೆಯಲ್ಲಿ ಬೆವರು. ಕೆಳಗಿನಿಂದ ಚಿಕ್ಕಮ್ಮ, "ರೀ, ಬಿಡ್ರೀ ಅದನ್ನ, ನಿಮ್ಮ ದಮ್ಮಯ್ಯ" ಎಂದು ಕೂಗುತ್ತಿದ್ದಳು. ನಾನು ಇಳಿದು ಹೋಗುವಷ್ಟರಲ್ಲಿ ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟು ಅದರ ಮೇಲೆಯೇ ಕುಳಿತುಬಿಟ್ಟರು. ಮಾತಿಲ್ಲ. ಜನ ಎರಡೂ ಬದಿಯಿಂದ ಹರಿದು ಹೋಗುತ್ತಿದ್ದರು. ಆ ಐದು ನಿಮಿಷ ಎಷ್ಟು ದೀರ್ಘವಾಗಿತ್ತೆಂದು ಹೇಳಲಾರೆ. ಆಮೇಲೆ ನೀರು ಕುಡಿದು, "ಏನಿಲ್ಲ, ಸ್ವಲ್ಪ ಉಸಿರು ಕಟ್ಟಿತು" ಎಂದರು. ಅಷ್ಟರಲ್ಲಿ ಬಂದ ಕೂಲಿಯವನು, ಅವರಿಗಿಂತ ಹತ್ತು ವರ್ಷವಷ್ಟೇ ಚಿಕ್ಕವನಿದ್ದಿರಬೇಕು, "ಯಜಮಾನ್ರೆ, ನೀವೇ ಹೊತ್ಕೊಂಡ್ರೆ ನಾವೇನ್ ಮಾಡೋದು?" ಎಂದು ಪೆಟ್ಟಿಗೆಯನ್ನು ಅವರ ಕೆಳಗಿನಿಂದಲೇ ಎತ್ತಿಕೊಂಡ. ಚಿಕ್ಕಪ್ಪ ಆ ಮಾತಿಗೆ ಒಪ್ಪಿದವರಂತೆ ತಲೆಯಾಡಿಸಿದರು. ಅನಂತರ ಯಾವ ಪೆಟ್ಟಿಗೆಗೂ ಕೈಹಾಕಲಿಲ್ಲ.

ಗುಂಡ್ಲುಪೇಟೆಯವರು ಮೈಸೂರಿನಲ್ಲಿಯೇ ರೈಲು ಬಿಟ್ಟು ಬಸ್ಸು ಹತ್ತುವುದು ವಾಡಿಕೆ. ನಂಜನಗೂಡು, ಬೇಗೂರುಗಳ ಮೇಲೆ ಸುಮಾರು 60 ಕಿಲೋಮೀಟರು, ಹೊತ್ತೂ ಕಡಮೆ. ಕೆಲವರು ನಂಜನಗೂಡಿನಲ್ಲಿ ಇಳಿಯುತ್ತಾರೆ. ಏಕೆಂದರೆ ಅಲ್ಲಿಂದ ಮುಂದೆ ರಸ್ತೆ ಗುಂಡ್ಲುಪೇಟೆಯ ಕಡೆಗೂ ರೈಲು ಚಾಮರಾಜನಗರದ ಕಡೆಗೂ ಅಗಲುತ್ತವೆ. ಸಾಮಾನಿದ್ದವರಿಗೆ ನಾನು ಇದನ್ನು ಒಪ್ಪುವುದಿಲ್ಲ. ನಂಜನಗೂಡಿನಲ್ಲಿ ಗಾಡಿ ನಿಲ್ಲುವುದು ಸ್ವಲ್ಪ ಹೊತ್ತು. ಮುದುಕರು ನಾಲ್ಕು ಪೆಟ್ಟಿಗೆ ಇಳಿಸುವಷ್ಟರಲ್ಲಿ ಹಸಿರು ಬಾವುಟ ಬೀಸಿರುತ್ತದೆ. ಬಸ್ಸೂ ಅಲ್ಲಿಗೆ ತುಂಬಿಕೊಂಡೇ ಬರುತ್ತದೆ. ಚಾಮರಾಜನಗರವೋ ಹಳಿಯ ಕೊನೆ. ಅಲ್ಲಿಂದ ಮುಂದೆ ಗಾಡಿಗೆ ಹೋಗಲು ದಾರಿಯೇ ಇಲ್ಲ. ಎಲ್ಲರೂ ಇಳಿದ ಮೇಲೆ, ಒಂದೊಂದಾಗಿ, ಉಸಿರು ತೆಗೆದುಕೊಂಡು ಇಳಿಸಬಹುದು. ಹಳಿಯನ್ನು ಸತ್ಯಮಂಗಲದ ಮೇಲೆ ಮೆಟ್ಟುಪಾಳಯಕ್ಕೆ ಮುಂದುವರಿಸಬೇಕೆಂಬ ಯೋಜನೆಯ ಮಾತು ಬಹಳ ಕಾಲದಿಂದ ನಡೆದಿದೆ. ಅಡ್ಡಲಾಗಿ ಕಾಡು ಇದೆ. ಊರಿಗೆ ಅದರಿಂದ ಲಾಭವೇ ಇರಬಹುದು. ಆದರೆ ಪೆಟ್ಟಿಗೆಯವನಿಗೆ ಕೊನೆಯ ಸ್ಟೇಷನ್ನಿನಷ್ಟು ಉಪಕಾರಿ ಬೇರೆ ಇಲ್ಲ.

ನಾವು ಹತ್ತಿದ ಗಾಡಿಯಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ಚಾಮರಾಜೇಶ್ವರನ ಆಷಾಢದ ರಥೋತ್ಸವಕ್ಕೆ ಹೊರಟ ಜನ. ಆಷಾಢವೆಂದು ಅಗಲಿರುವ ಹೊಸ ದಂಪತಿಗಳು ಈ ರಥದ ದಿನ ಕೂಡಿ ಬಂದು ಹಣ್ಣು ಜವನ ಎಸೆಯುವುದು ಈ ಕಡೆಯ ಪದ್ಧತಿ. ಗಾಡಿಯ ತುಂಬ ಹೊಸ ಸೀರೆ, ಹೊಸ ಪಂಚೆ, ಅರಿಸಿನದ ದಾರ. ನಮ್ಮ ಪೆಟ್ಟಿಗೆಗಳು ಬಾಗಿಲಿಗೆ ಅಡ್ಡವಾಗಿ ನಿಂತವು, ಒಂದಿಬ್ಬರು ಗೊಣಗಿದರು. ಆಗ ಒಬ್ಬ ಹೊಸ ಮದುವಣಿಗ ಎದ್ದ. ಹೆಂಡತಿ ನೋಡುತ್ತಿದ್ದಳು. ತೋಳು ಮಡಿಸಿಕೊಂಡು, ನಾಲ್ಕು ಪೆಟ್ಟಿಗೆಗಳನ್ನೂ ಒಂದರ ಹಿಂದೊಂದು ಹೂವಿನ ಬುಟ್ಟಿಯಂತೆ ಮೇಲಿನ ಹಲಗೆಗೆ ಎತ್ತಿಟ್ಟು, ಏನೂ ನಡೆಯದವನಂತೆ ಕುಳಿತ. ಅವಳು ತಲೆ ತಗ್ಗಿಸಿ ನಕ್ಕಳು. ಚಿಕ್ಕಪ್ಪ ಮೈಸೂರು ಬಿಟ್ಟ ಮೇಲೆ ಮೊದಲ ಬಾರಿಗೆ ಮುಗುಳ್ನಕ್ಕರು.

ಮಂಡಕಳ್ಳಿ ಹಿಂದಾಯಿತು, ಕಡಕೊಳ ಬಂತು. ನಂಜನಗೂಡಿನ ಬಳಿ ಕಪಿಲೆಯನ್ನು ದಾಟುವಾಗ ಹಳೆಯ ಕಲ್ಲಿನ ಸೇತುವೆ ಕಾಣಿಸುತ್ತದೆ. ದಳವಾಯಿ ದೇವರಾಜಯ್ಯನು 1735ರಲ್ಲಿ ಕಟ್ಟಿಸಿದ ಈ ಸೇತುವೆಯ ಮೇಲೆ, ಮೀಟರ್‌ಗೇಜಿನ ಕಾಲದಲ್ಲಿ, ಎತ್ತಿನ ಗಾಡಿಗಳೂ ಬಸ್ಸುಗಳೂ ಒಂದು ಪಕ್ಕ, ರೈಲು ಒಂದು ಪಕ್ಕ ಹೋಗುತ್ತಿದ್ದವು. ಬಂಡಿಗಳಿಗೆಂದು ಕಟ್ಟಿದ ಕಲ್ಲುಗಳು 1891ರಲ್ಲಿ ಉಗಿಬಂಡಿಗೂ ಬೆನ್ನು ಕೊಟ್ಟವು. ಬ್ರಾಡ್‌ಗೇಜ್ ಬಂದ ಮೇಲೆ ರೈಲಿಗೆ ಹೊಸ ಸೇತುವೆಯಾಗಿದೆ. ನಂಜನಗೂಡಿನಿಂದ ಮುಂದಿನ ಹಳಿಯನ್ನು 1926ರಲ್ಲಿ ಹಾಸಿದ್ದು. ಕವಲಂದೆ, ಬದನಗುಪ್ಪೆ ಕಳೆದಂತೆ ಬಯಲು ಬಿಚ್ಚಿಕೊಂಡು, ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲು ನೀಲಿಯಾಗಿ ಏಳುತ್ತದೆ.

ಚಾಮರಾಜನಗರಕ್ಕೆ ಹಿಂದೆ ಅರಿಕುಠಾರವೆಂದು ಹೆಸರು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂದು 1818ರಲ್ಲಿ ಈ ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರನ ಗುಡಿಯನ್ನು ಕಟ್ಟಿಸಿದರು. 1997ರಿಂದ ಇದು ಜಿಲ್ಲೆಯ ಮುಖ್ಯಪಟ್ಟಣ. ಸ್ಟೇಷನ್ನಿನಲ್ಲಿ ಜನವೆಲ್ಲ ರಥದ ಕಡೆಗೆ ಹರಿದು ಹೋದ ಮೇಲೆ ಗಾಡಿ ಬರಿದಾಗಿ ನಿಂತಿತ್ತು. ಯಾವ ಆತುರವೂ ಇಲ್ಲದೆ ಇಳಿಸಿದೆವು. ಹೊರಗೆ ಆಟೋದವನು, "ಗುಂಡ್ಲುಪೇಟೆಗಾ? ಬಸ್‌ಸ್ಟ್ಯಾಂಡ್‌ಗ ಬುಟ್ಬುಡ್ತೀನಿ, ಬನ್ನಿ ಅವ್ವ" ಎಂದ. ಆರು ತಿಂಗಳ ಮೇಲೆ ಆ ಮಾತು ಕಿವಿಗೆ ಬಿದ್ದು ಚಿಕ್ಕಮ್ಮನ ಕಣ್ಣು ತೇವವಾಯಿತು.

ಕೊನೆಯ ಮೂವತ್ತು ಚಿಲ್ಲರೆ ಕಿಲೋಮೀಟರಿಗೆ ಬಸ್ಸಲ್ಲದೆ ಗತಿಯಿಲ್ಲ. ಚಿಕ್ಕಮ್ಮನನ್ನು ಮುಂದಿನ ಸೀಟಿನಲ್ಲಿ ಕಿಟಕಿಯ ಬಳಿ ಕುಳ್ಳಿರಿಸಿ ನಿಂಬೆಹಣ್ಣು ಕೊಟ್ಟೆವು. 2023ರ ಶಕ್ತಿ ಯೋಜನೆಯ ದೆಸೆಯಿಂದ ಆಕೆಗೆ ಶೂನ್ಯ ದರದ ಟಿಕೆಟ್ಟು. ಆಕೆಯ ಪೆಟ್ಟಿಗೆಗಳಿಗೆ ಮಾತ್ರ ಹಣ ಬಿತ್ತು. ತೆರಕಣಾಂಬಿಯ ದಾರಿಯುದ್ದಕ್ಕೂ ಅರಿಸಿನದ ಹೊಲಗಳು. ಗುಂಡ್ಲುಪೇಟೆ ಸಮೀಪಿಸಿದಂತೆ ಸೂರ್ಯಕಾಂತಿ ಮತ್ತು ಚೆಂಡುಹೂವು. ಆ ಹಳದಿ ಮತ್ತು ಕಿತ್ತಳೆಯ ಬಣ್ಣದ ನಡುವೆ ಆಕೆಗೆ ಹೊಟ್ಟೆ ತೊಳೆಸುವುದು ಮರೆತೇ ಹೋಯಿತೆಂದು ತೋರುತ್ತದೆ.

ಸಂಜೆ ಮನೆಯ ಜಗುಲಿಯ ಮೇಲೆ ಹದಿನೈದನೆಯ ಸಾರಿ ಪೆಟ್ಟಿಗೆಗಳನ್ನಿಳಿಸಿದೆವು. ಚಿಕ್ಕಪ್ಪ ಮಾತ್ರೆ ತೆಗೆದುಕೊಂಡು ಒಳಗೆ ಮಲಗಿದರು. ನೆರೆಯವರು ಬಂದು ಕೂಡಿದರು. ಚಿಕ್ಕಮ್ಮ ಮೊದಲು ಬಿಚ್ಚಿದ್ದು ಪೆಟ್ಟಿಗೆಯನ್ನಲ್ಲ, ಆ ಗಂಟನ್ನು. ಅದರೊಳಗಿದ್ದುದು ಹೋಗುವಾಗ ಮಗಳಿಗೆ ಚಟ್ನಿಪುಡಿ, ಹುಳಿಪುಡಿ, ಅರಿಸಿನ ತುಂಬಿಕೊಂಡು ಹೋಗಿದ್ದ ಹನ್ನೊಂದು ಸ್ಟೀಲಿನ ಡಬ್ಬಿಗಳು, ಈಗ ಬರಿದು. ಆಕೆ ಅವನ್ನು ಎಣಿಸಿದಳು. ಎರಡನೆಯ ಸಾರಿಯೂ ಎಣಿಸಿದಳು. "ಹನ್ನೆರಡಿತ್ತು" ಎಂದು, ಮಗಳಿಗೆ ಫೋನು ಮಾಡಲು ಎದ್ದಳು.